ನಾನೂರು ಮಕ್ಕಳಿಗೆ 0.017 ಮನಶ್ಶಾಸ್ತ್ರಜ್ಞ: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ (ರಾಜಧಾನಿಯಲ್ಲ, ಸಿಯಾಟಲ್ ನಗರವಿರುವ ಪಶ್ಚಿಮ ಕರಾವಳಿಯ ರಾಜ್ಯ) ಶಾಲಾ ಮನಶ್ಶಾಸ್ತ್ರಜ್ಞರು, ದಾದಿಯರು, ಆಪ್ತಸಮಾಲೋಚಕರು ಮತ್ತು ಪೋಷಕರು ಶಾಸಕರ ಬೆನ್ನು ಬಿಡದೆ, ಶಾಲೆಗಳಲ್ಲಿ ಇಂಥ ಸಿಬ್ಬಂದಿಗೆ ಸರ್ಕಾರ ಕೊಡುವ ಹಣವನ್ನು ಹೆಚ್ಚಿಸುವ ಕಾನೂನೊಂದನ್ನು 2022ರಲ್ಲಿ ಮಾಡಿಸಿಕೊಂಡ ಸಂಗತಿಯನ್ನು ಕಳೆದ ಸಂಚಿಕೆಯಲ್ಲಿ ಸಂಕ್ಷಿಪ್ತವಾಗಿ ಬರೆದಿದ್ದೆ. ಅದನ್ನು ಓದಿ ಊರಿನಿಂದಲೂ ಹೊರದೇಶದಿಂದಲೂ ಓದುಗರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಕಾಲದಲ್ಲಿ ಮಗುವಿನ ಪಾಠವನ್ನೂ ಮನಸ್ಸನ್ನೂ ತರಗತಿಯ ಮೇಷ್ಟ್ರೇ ನೋಡಿಕೊಳ್ಳುತ್ತಿದ್ದರು. ಶಾಲಾ ಮನಶ್ಶಾಸ್ತ್ರಜ್ಞ ಎಂಬ ಪ್ರತ್ಯೇಕ ಹುದ್ದೆಯ ಅಗತ್ಯವೇನು? ಆಪ್ತಸಮಾಲೋಚಕರಿಗೂ ಇವರಿಗೂ ಏನು ವ್ಯತ್ಯಾಸ?
— ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಧಾರವಾಡ

ಉತ್ತರ: ಅಮೆರಿಕದ ಶಾಲೆಗಳಲ್ಲಿ ಆಪ್ತಸಮಾಲೋಚಕರ ಕೆಲಸ ಎಲ್ಲ ಮಕ್ಕಳಿಗೂ ಸಂಬಂಧಿಸಿದ್ದು, ವಿಷಯಗಳ ಆಯ್ಕೆ, ಕಾಲೇಜು ಪ್ರವೇಶದ ಸಿದ್ಧತೆ, ಸ್ನೇಹಿತರ ನಡುವಿನ ಜಗಳ, ಮನೆಯಲ್ಲಿನ ದುಃಖ, ಇವೆಲ್ಲ ಅವರ ಮೇಜಿಗೆ ಬರುತ್ತವೆ. ಶಾಲಾ ಮನಶ್ಶಾಸ್ತ್ರಜ್ಞರೂ ಮಕ್ಕಳೊಡನೆ ಮಾತನಾಡುತ್ತಾರಾದರೂ ಅವರ ಹೊಣೆಯ ತಿರುಳು ಬೇರೆ. ಮೂರನೇ ತರಗತಿಯ ಮಗುವೊಂದು ಓದಲಾರದೆ ತಡವರಿಸುತ್ತಿದೆ ಎಂದಿಟ್ಟುಕೊಳ್ಳಿ. ಅದಕ್ಕೆ ಕಾರಣ ದೃಷ್ಟಿದೋಷವೇ, ಮನೆಯ ಭಾಷೆ ಬೇರೆಯಾಗಿರುವುದೇ, ಡಿಸ್‌ಲೆಕ್ಸಿಯವೇ, ಗಮನದ ಕೊರತೆಯೇ, ಇಲ್ಲವೇ ಮನೆಯಲ್ಲಿ ನಡೆಯುತ್ತಿರುವ ಯಾವುದೋ ಸಂಕಟವೇ ಎಂಬುದನ್ನು ಪರೀಕ್ಷೆಗಳಿಂದ, ತರಗತಿಯಲ್ಲಿ ಹಿಂದೆ ಕುಳಿತು ಗಮನಿಸುವುದರಿಂದ, ತಂದೆತಾಯಿಯರ ಮತ್ತು ಶಿಕ್ಷಕರ ಮಾತು ಕೇಳುವುದರಿಂದ ಗೊತ್ತುಮಾಡಿಕೊಂಡು, ಮಗುವಿಗೆ ಶಾಲೆ ಏನು ಮಾಡಿಕೊಡಬೇಕು ಎಂದು ವರದಿ ಬರೆಯುವವರು ಅವರು. ಈ ಹುದ್ದೆಗೆ ಸಾಮಾನ್ಯವಾಗಿ ಪದವಿಯ ನಂತರ ಮೂರು ವರ್ಷಗಳಷ್ಟು ವ್ಯಾಸಂಗವೂ ಅದರ ಭಾಗವಾಗಿ 1,200 ಗಂಟೆಗಳ ಇಂಟರ್ನ್‌ಶಿಪ್ ಕೂಡ ಬೇಕು.

ಮೇಷ್ಟ್ರೇ ಸಾಲದೇ ಎಂಬ ನಿಮ್ಮ ಪ್ರಶ್ನೆಗೆ ಒಂದು ಐತಿಹಾಸಿಕ ಉತ್ತರವಿದೆ. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ಅವರು ತಮ್ಮ ಮನೋವೈಜ್ಞಾನಿಕ ಚಿಕಿತ್ಸಾಲಯವನ್ನು ಆರಂಭಿಸಿದಾಗ, ಕಾಗುಣಿತ ಕೈಗೆ ಹತ್ತದ ಹುಡುಗನೊಬ್ಬನನ್ನು ಅಲ್ಲಿಗೆ ಮೊದಲು ಕರೆತಂದವರು ಒಬ್ಬ ಶಿಕ್ಷಕಿಯೇ. ಹುಡುಗ ದಡ್ಡನಲ್ಲವೆಂದು ಆಕೆಗೆ ಗೊತ್ತಿತ್ತು. ಮುಂದೇನು ಮಾಡಬೇಕೆಂದು ಗೊತ್ತಿರಲಿಲ್ಲ. 1915ರಲ್ಲಿ ಕನೆಕ್ಟಿಕಟ್ ರಾಜ್ಯವು ಆರ್ನಲ್ಡ್ ಗೆಸೆಲ್ ಅವರನ್ನು ಶಾಲಾ ಮನಶ್ಶಾಸ್ತ್ರಜ್ಞ ಎಂಬ ಹೆಸರಿನಲ್ಲಿಯೇ ನೇಮಿಸಿಕೊಂಡಿತು.

ಹುದ್ದೆ ದೇಶವಿಡೀ ಹಬ್ಬಿದ್ದು ಮಾತ್ರ ಕಾನೂನಿನ ಬಲದಿಂದ. ಅಂಗವಿಕಲ ಮಕ್ಕಳನ್ನು ಶಾಲೆಗಳು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತಿದ್ದ ಕಾಲದಲ್ಲಿ ಪೆನ್ಸಿಲ್ವೇನಿಯಾದ ಪೋಷಕರ ಸಂಘವೊಂದು ನ್ಯಾಯಾಲಯಕ್ಕೆ ಹೋಯಿತು. ರಾಜಧಾನಿಯ ಪೋಷಕರೂ ಹೋದರು. 1972ರಲ್ಲಿ ಮುಗಿದ ಆ ಎರಡು ಮೊಕದ್ದಮೆಗಳ ಬೆನ್ನಿಗೆ ಸಂಸತ್ತು ಕಾಯಿದೆ ಮಾಡಿತು. 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದಕ್ಕೆ ಸಹಿ ಹಾಕಿದರು. ವಿಶೇಷ ಶಿಕ್ಷಣ ಕೊಡುವ ಮೊದಲು ಮಗುವಿನ ಸಮಗ್ರ ಮೌಲ್ಯಮಾಪನ ಆಗಲೇಬೇಕೆಂದು ಆ ಕಾಯಿದೆ ವಿಧಿಸಿದ್ದರಿಂದ ಅದನ್ನು ಮಾಡಬಲ್ಲವರು ಪ್ರತಿ ಶಾಲಾ ಜಿಲ್ಲೆಗೂ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಕ್ಕೆ ಅಲ್ಲಿ ಈ ಹೆಸರು) ಬೇಕಾದರು. ಕಾನೂನಿನಿಂದ ಬೆಳೆದ ಹುದ್ದೆಯಾದ್ದರಿಂದ ಅದರ ಸಂಖ್ಯೆ, ಸಂಬಳ, ಅರ್ಹತೆಗಳೆಲ್ಲ ಇಂದಿಗೂ ಶಾಸನಸಭೆಗಳಲ್ಲಿಯೇ ತೀರ್ಮಾನವಾಗುತ್ತವೆ. 1969ರಲ್ಲಿ ಸ್ಥಾಪನೆಯಾದ ಶಾಲಾ ಮನಶ್ಶಾಸ್ತ್ರಜ್ಞರ ರಾಷ್ಟ್ರೀಯ ಸಂಘವು 500 ಮಕ್ಕಳಿಗೆ ಒಬ್ಬರಿರಬೇಕೆಂದು ಶಿಫಾರಸು ಮಾಡುತ್ತದೆ. ದೇಶದ ಸರಾಸರಿಯಲ್ಲಿ ಒಬ್ಬೊಬ್ಬರ ಪಾಲಿಗೆ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ.

ಪ್ರಶ್ನೆ: ವಾಷಿಂಗ್ಟನ್ ರಾಜ್ಯದ ಕಾನೂನಿನಲ್ಲಿ ಮನಶ್ಶಾಸ್ತ್ರಜ್ಞರ ಸಂಖ್ಯೆಯನ್ನು ದಶಮಾಂಶದಲ್ಲಿ ಬರೆದಿದೆ ಎಂದಿದ್ದಿರಿ. ಅದು ಹೇಗೆ? ಆ ಅಂಕಿ ಬದಲಾದ ಬಗೆಯನ್ನು ವಿವರವಾಗಿ ತಿಳಿಸಬಹುದೇ?
— ವಕೀಲರು, ಶಿವಮೊಗ್ಗ

ಉತ್ತರ: ಇಡೀ ಪ್ರಕರಣದ ಜೀವಾಳ ಇಲ್ಲಿಯೇ ಇರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಆ ರಾಜ್ಯವು ಶಾಲೆಗಳಿಗೆ ಹಣ ಹಂಚಲು ‘ಮಾದರಿ ಶಾಲೆ’ ಎಂಬ ಕಲ್ಪನೆಯೊಂದನ್ನು ಕಾಯಿದೆಯಲ್ಲಿ ಇಟ್ಟುಕೊಂಡಿದೆ. ಮಾದರಿ ಪ್ರಾಥಮಿಕ ಶಾಲೆಯಲ್ಲಿ 400 ಮಕ್ಕಳು, ಮಾಧ್ಯಮಿಕದಲ್ಲಿ 432, ಪ್ರೌಢಶಾಲೆಯಲ್ಲಿ 600. ಇಂಥ ಶಾಲೆಗೆ ಎಷ್ಟು ಶಿಕ್ಷಕರು, ಎಷ್ಟು ದಾದಿಯರು, ಎಷ್ಟು ಜವಾನರು ಬೇಕೆಂದು ಒಂದು ಕೋಷ್ಟಕವಿದೆ. ಅದರ ಪ್ರಕಾರ ಸರ್ಕಾರ ಹಣ ಬಿಡುಗಡೆ ಮಾಡುತ್ತದೆ. 2022ರವರೆಗೆ ಆ ಕೋಷ್ಟಕದಲ್ಲಿ ಪ್ರಾಥಮಿಕ ಶಾಲೆಯ ಮನಶ್ಶಾಸ್ತ್ರಜ್ಞರ ಸಾಲಿನಲ್ಲಿ ಇದ್ದ ಅಂಕಿ 0.017. ನಾನೂರನ್ನು ಅದರಿಂದ ಭಾಗಿಸಿದರೆ ಸುಮಾರು 23,500 ಮಕ್ಕಳಿಗೆ ಒಬ್ಬರು ಎಂದಾಯಿತು. ಮಾಧ್ಯಮಿಕ ಶಾಲೆಯ ಅಂಕಿ 0.002, ಅಂದರೆ 2,16,000 ಮಕ್ಕಳಿಗೆ ಒಬ್ಬರು. ಒಂದು ಮಧ್ಯಮ ಗಾತ್ರದ ನಗರದ ಜನಸಂಖ್ಯೆಯನ್ನೇ ಒಬ್ಬರ ಹೆಸರಿಗೆ ಬರೆದಂತೆ!

ವಾಸ್ತವದಲ್ಲಿ ಶಾಲೆಗಳು ಅಷ್ಟು ಬರಿದಾಗಿರಲಿಲ್ಲ. ಶಾಲಾ ಜಿಲ್ಲೆಗಳು ವಿಶೇಷ ಶಿಕ್ಷಣದ ಅನುದಾನದಿಂದ ಮತ್ತು ಸ್ಥಳೀಯ ಮತದಾರರು ಒಪ್ಪಿಕೊಡುವ ಆಸ್ತಿ ತೆರಿಗೆಯಿಂದ ಹೆಚ್ಚುವರಿ ಜನರನ್ನು ನೇಮಿಸಿಕೊಳ್ಳುತ್ತಿದ್ದವು. ಇದರಿಂದ ಎರಡು ತೊಂದರೆಗಳಾದವು. ಮನೆಗಳ ಬೆಲೆ ಹೆಚ್ಚಿರುವ ಊರುಗಳು ತೆರಿಗೆ ಎತ್ತಿ ಜನರನ್ನಿಟ್ಟುಕೊಂಡರೆ, ಹೊಲತೋಟಗಳ ಬಡ ಊರುಗಳು ಹಾಗೇ ಉಳಿದವು. ಇನ್ನು ವಿಶೇಷ ಶಿಕ್ಷಣದ ಹಣದಲ್ಲಿ ನೇಮಕಗೊಂಡವರ ಸಮಯವೆಲ್ಲ ಮೌಲ್ಯಮಾಪನದ ವರದಿಗಳಿಗೇ ಮೀಸಲಾಗಿ, ಸಮಸ್ಯೆ ಬಲಿಯುವ ಮುನ್ನವೇ ಮಗುವನ್ನು ಕಾಣುವ ಕೆಲಸಕ್ಕೆ ಯಾರೂ ಉಳಿಯಲಿಲ್ಲ.

ಈ ಅಂಕಿಗಳನ್ನು ಬದಲಿಸುವ ಒಂದು ದೊಡ್ಡ ಪ್ರಯತ್ನ 2014ರಲ್ಲಿಯೇ ನಡೆದಿತ್ತು. ತರಗತಿಯ ಗಾತ್ರ ತಗ್ಗಿಸಬೇಕು, ಶಾಲಾ ಸಿಬ್ಬಂದಿ ಹೆಚ್ಚಬೇಕು ಎಂಬ 1351ನೇ ಸಂಖ್ಯೆಯ ಉಪಕ್ರಮವನ್ನು ಜನರೇ ಮತ ಹಾಕಿ ಅಲ್ಪ ಅಂತರದಿಂದ ಗೆಲ್ಲಿಸಿದರು. ಆದರೆ ಅದಕ್ಕೆ ಬೇಕಾದ ಅಪಾರ ಹಣ ಎಲ್ಲಿಂದ ಬರಬೇಕೆಂಬುದನ್ನು ಆ ಉಪಕ್ರಮ ಹೇಳಿರಲಿಲ್ಲ. ಮರುವರ್ಷ ಶಾಸನಸಭೆಯು ಮೂರನೇ ಎರಡರಷ್ಟು ಬಹುಮತದಿಂದ ಅದರ ಜಾರಿಯನ್ನು ಮುಂದೂಡಿತು. ಜನಮತವಿದ್ದರೂ ಹಣದ ದಾರಿ ಇಲ್ಲದ ಕಾನೂನು ಕಾಗದದಲ್ಲಿಯೇ ಉಳಿಯಿತು. ಶಾಲಾ ಸಿಬ್ಬಂದಿಯ ಪರವಾಗಿ ಶಾಸಕರ ಬಳಿಗೆ ಹೋಗುವವರೆಲ್ಲ ಈ ಸೋಲನ್ನು ಗೆಲುವಿಗಿಂತ ಹೆಚ್ಚು ಗಮನವಿಟ್ಟು ಓದಬೇಕೆಂಬುದು ನನ್ನ ಅಭಿಪ್ರಾಯ.

ಕೋವಿಡ್ ಬಳಿಕ 2022ರ ಅರವತ್ತು ದಿನಗಳ ಕಿರು ಅಧಿವೇಶನದಲ್ಲಿ ಪ್ರತಿನಿಧಿ ಅಲಿಷಿಯಾ ರೂಲ್ ಮಂಡಿಸಿದ 1664ನೇ ವಿಧೇಯಕದ ಧಾಟಿಯೇ ಬೇರೆಯಾಗಿತ್ತು. ಅದು ತರಗತಿಯ ಗಾತ್ರದ ಗೊಡವೆಗೆ ಹೋಗದೆ ದಾದಿಯರು, ಆಪ್ತಸಮಾಲೋಚಕರು, ಸಮಾಜಕಾರ್ಯಕರ್ತರು, ಮನಶ್ಶಾಸ್ತ್ರಜ್ಞರು ಇಂಥ ಕೆಲವೇ ಸಾಲುಗಳನ್ನು ಮುಟ್ಟಿತು; ಹೆಚ್ಚಳವನ್ನು ಮೂರು ಶಾಲಾ ವರ್ಷಗಳಲ್ಲಿ, 2024–25ರ ಹೊತ್ತಿಗೆ ಪೂರ್ಣವಾಗುವಂತೆ ಹಂಚಿತು. ಈ ತಲೆಬರಹದಲ್ಲಿ ಕೊಟ್ಟ ಹಣವನ್ನು ಜಿಲ್ಲೆಗಳು ನಿಜವಾಗಿಯೂ ಈ ಸಿಬ್ಬಂದಿಗೇ ಖರ್ಚು ಮಾಡಬೇಕೆಂಬ ಷರತ್ತೂ ಇತ್ತು. ಪ್ರಾಥಮಿಕ ಶಾಲೆಯ 0.017 ಈಗ 0.104 ಆಗಿದೆ, ಮಾಧ್ಯಮಿಕದ 0.002 ಎಂಬುದು 0.024 ಆಗಿದೆ. ಆರು ಪಟ್ಟು, ಹನ್ನೆರಡು ಪಟ್ಟು ಎಂದು ಹೇಳಿಕೊಳ್ಳಬಹುದು. ಹೊಸ ಅಂಕಿಯ ಪ್ರಕಾರವೂ ಸುಮಾರು 3,850 ಪ್ರಾಥಮಿಕ ಮಕ್ಕಳಿಗೆ ಒಬ್ಬರೇ ಸಿಗುತ್ತಾರೆಂಬುದನ್ನೂ ಜೊತೆಯಲ್ಲಿಯೇ ಹೇಳಬೇಕಾಗುತ್ತದೆ.

ಪ್ರಶ್ನೆ: ನಾವು ರೆಡ್ಮಂಡ್‌ನಲ್ಲಿದ್ದೇವೆ; ಯಜಮಾನರು ಎಚ್-1ಬಿ ವೀಸಾದಲ್ಲಿದ್ದಾರೆ. ನಮ್ಮ ಮಗನಿಗೆ ಮೌಲ್ಯಮಾಪನ ಬೇಕೆಂದು ಶಾಲೆಗೆ ಕೇಳಿಕೊಂಡು ಬಹಳ ದಿನಗಳಾದವು, ಮನಶ್ಶಾಸ್ತ್ರಜ್ಞರು ವಾರದಲ್ಲಿ ಎರಡು ದಿನ ಮಾತ್ರ ಬರುತ್ತಾರಂತೆ. ಮತದಾನದ ಹಕ್ಕಿಲ್ಲದ ನಾವು ಇಲ್ಲಿನ ಶಾಸಕರಿಗೆ ಪತ್ರ ಬರೆಯಬಹುದೇ? ವೀಸಾಕ್ಕೆ ತೊಂದರೆಯಾಗುತ್ತದೆಂದು ಮನೆಯಲ್ಲಿ ಹೆದರುತ್ತಾರೆ.
— ಓದುಗರು, ವಾಷಿಂಗ್ಟನ್ ರಾಜ್ಯ

ಉತ್ತರ: ಧಾರಾಳವಾಗಿ ಬರೆಯಬಹುದು. ಕುಂದುಕೊರತೆಗಳನ್ನು ಸರ್ಕಾರದ ಮುಂದಿಡುವ ಹಕ್ಕನ್ನು ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿ ‘ಜನರಿಗೆ’ ಕೊಟ್ಟಿದೆ, ಮತದಾರರಿಗೆ ಮಾತ್ರ ಎಂದಿಲ್ಲ. ಕ್ಷೇತ್ರಗಳ ಗಡಿಯನ್ನು ಎಳೆಯುವಾಗಲೂ ನಿಮ್ಮ ಮನೆಯವರೆಲ್ಲರನ್ನೂ ಜನಗಣತಿಯಲ್ಲಿ ಎಣಿಸಿಯೇ ಎಳೆದಿರುತ್ತಾರೆ. ಆದುದರಿಂದ ‘ನಾನು ನಿಮ್ಮ ಕ್ಷೇತ್ರದ ನಿವಾಸಿ’ ಎಂದು ಪತ್ರ ಆರಂಭಿಸುವುದು ಅಕ್ಷರಶಃ ಸತ್ಯ. ಎರಡು ವಿಷಯಗಳಲ್ಲಿ ಮಾತ್ರ ಎಚ್ಚರವಿರಲಿ: ವೀಸಾದಲ್ಲಿರುವವರು ಯಾವುದೇ ಅಭ್ಯರ್ಥಿಯ ಚುನಾವಣಾ ನಿಧಿಗೆ ಒಂದು ಡಾಲರನ್ನೂ ಕೊಡುವಂತಿಲ್ಲ, ಮತ್ತು ಮತದಾರರ ಪಟ್ಟಿಗೆ ಹೆಸರು ಸೇರಿಸುವ ಯಾವ ಅರ್ಜಿಗೂ ಸಹಿ ಹಾಕಬಾರದು. ಮನೆಯವರ ಅಳುಕು ಅರ್ಥವಾಗುವಂಥದ್ದೇ. ನಿಮ್ಮ ವಲಸೆ ದಾಖಲೆಗಳ ಬಗ್ಗೆ ನಿರ್ದಿಷ್ಟ ಸಂಶಯವಿದ್ದರೆ ವಲಸೆ ವಕೀಲರನ್ನು ಕೇಳಿಕೊಳ್ಳಿ.

ಆದರೆ ನಿಮ್ಮ ಮಗನ ವಿಷಯಕ್ಕೆ ಶಾಸಕರಿಗಿಂತ ಮೊದಲು ಶಾಲೆಗೆ ಬರೆಯಿರಿ, ಬಾಯಿಮಾತಿನಲ್ಲಿ ಬೇಡ. ಲಿಖಿತ ಕೋರಿಕೆ ತಲುಪಿದ 25 ಶಾಲಾ ದಿನಗಳೊಳಗೆ ಮೌಲ್ಯಮಾಪನ ಮಾಡುವುದೋ ಇಲ್ಲವೋ ಎಂದು ಜಿಲ್ಲೆ ತೀರ್ಮಾನಿಸಬೇಕು. ಮಾಡುವುದಾದರೆ, ನೀವು ಒಪ್ಪಿಗೆಯ ಸಹಿ ಹಾಕಿದ 35 ಶಾಲಾ ದಿನಗಳೊಳಗೆ ಮುಗಿಸಬೇಕು. ಇದು ನಿಮ್ಮ ರಾಜ್ಯದ ನಿಯಮ. ಸಿಬ್ಬಂದಿ ಕಡಿಮೆ ಎಂಬುದು ಈ ಗಡುವಿಗೆ ವಿನಾಯಿತಿಯಲ್ಲ. ಮಗುವಿಗೆ ಮನೆಯಲ್ಲಿ ಕನ್ನಡ ರೂಢಿಯಾಗಿದ್ದರೆ ಅದನ್ನೂ ಪತ್ರದಲ್ಲಿ ಬರೆಯಿರಿ. ಇಂಗ್ಲಿಷಿನ ಹೊಸತನವನ್ನು ಕಲಿಕೆಯ ತೊಂದರೆಯೆಂದು ತಪ್ಪು ತಿಳಿಯದಂತೆ ಪರೀಕ್ಷಿಸುವ ಹೊಣೆ ಶಾಲೆಯದು.

ಶಾಸಕರಿಗೆ ಬರೆಯುವಾಗ ಮಗನಿಗೆ ನ್ಯಾಯ ಕೊಡಿಸಿ ಎಂದು ಕೇಳುವುದಕ್ಕಿಂತ, ಎಷ್ಟು ದಿನ ಕಾಯಬೇಕಾಯಿತು, ಶಾಲೆ ಕೊಟ್ಟ ಕಾರಣವೇನು ಎಂಬುದನ್ನು ತಿಳಿಸಿ, ಮಾದರಿ ಶಾಲೆಯ ಕೋಷ್ಟಕದಲ್ಲಿ ಮನಶ್ಶಾಸ್ತ್ರಜ್ಞರ ಅಂಕಿಯನ್ನು ಮುಂದಿನ ಆಯವ್ಯಯದಲ್ಲಿ ಏರಿಸಲು ಬೆಂಬಲಿಸುವಿರಾ ಎಂದು ಕೇಳಿ. ನಿಮ್ಮ ಕ್ಷೇತ್ರಕ್ಕೆ ಒಬ್ಬ ಸೆನೆಟರ್ ಮತ್ತು ಇಬ್ಬರು ಪ್ರತಿನಿಧಿಗಳಿದ್ದಾರೆ. ಮೂವರಿಗೂ ಬೇರೆ ಬೇರೆಯಾಗಿ ಬರೆಯಿರಿ. ವಿಧೇಯಕವೊಂದು ಸದನ ಸಮಿತಿಯ ಮುಂದೆ ವಿಚಾರಣೆಗೆ ಬಂದಾಗ, ರಾಜ್ಯದ ರಾಜಧಾನಿ ಒಲಿಂಪಿಯಾಕ್ಕೆ ಹೋಗದೆ ಮನೆಯಿಂದಲೇ ‘ಪರ’ ಅಥವಾ ‘ವಿರೋಧ’ ಎಂದು ದಾಖಲಿಸಲು ಅಲ್ಲಿ ಅವಕಾಶವಿದೆ. ವಿಚಾರಣೆ ಆರಂಭವಾಗುವ ಒಂದು ಗಂಟೆ ಮೊದಲೇ ನೋಂದಾಯಿಸಿರಬೇಕು. ಅನ್ನಕ್ಕೆ ಕುಕ್ಕರ್ ಇಟ್ಟು ಸೀಟಿ ಬರುವುದರೊಳಗೆ ಮುಗಿಯುವ ಕೆಲಸ.

ಪ್ರಶ್ನೆ: ನಾನು ಟೆಕ್ಸಸ್‌ನ ಸರ್ಕಾರಿ ಶಾಲೆಗಳಲ್ಲಿ ಮನಶ್ಶಾಸ್ತ್ರಜ್ಞೆಯಾಗಿದ್ದೇನೆ. ರಾಜ್ಯ ಸಂಘದವರು ಶಾಸಕರನ್ನು ಭೇಟಿಯಾಗಲು ಕರೆದಿದ್ದಾರೆ. ಸರ್ಕಾರಿ ಶಾಲೆಯ ನೌಕರಳಾಗಿ ಹೀಗೆ ಮಾಡುವುದು ಸರಿಯೇ? ಹೋದರೆ ಏನು ಮಾತನಾಡಬೇಕು? ನನಗೆ ರಾಜಕೀಯದ ಗಂಧಗಾಳಿಯೂ ಇಲ್ಲ.
— ಓದುಗರು, ಡಾಲಸ್ ಸಮೀಪ

ಉತ್ತರ: ನಾಗರಿಕಳಾಗಿ ಹೋಗುವುದಕ್ಕೆ ಅಡ್ಡಿಯಿಲ್ಲ, ನೌಕರಳಾಗಿ, ಶಾಲೆಯ ಖರ್ಚಿನಲ್ಲಿ ಹೋಗಬಾರದು. ರಜೆ ಹಾಕಿ ಹೋಗಿ. ಶಾಲೆಯ ಇಮೇಲ್, ಶಾಲೆಯ ಲ್ಯಾಪ್‌ಟಾಪ್, ಶಾಲೆಯ ಲೆಟರ್‌ಹೆಡ್ ಯಾವುದನ್ನೂ ಬಳಸಬೇಡಿ. ನಿಮ್ಮ ವೃತ್ತಿಯನ್ನು ಹೇಳಿಕೊಳ್ಳಿ, ಆದರೆ ಜಿಲ್ಲೆಯ ಪರವಾಗಿ ಮಾತನಾಡುತ್ತಿಲ್ಲವೆಂದು ಆರಂಭದಲ್ಲಿಯೇ ತಿಳಿಸಿ. ಜಿಲ್ಲೆಯ ಲಿಖಿತ ನಿಯಮಗಳಲ್ಲಿ ಈ ಬಗ್ಗೆ ಏನಿದೆ ಎಂದು ಮೊದಲೇ ಓದಿಕೊಂಡಿರುವುದು ಒಳ್ಳೆಯದು.

ಟೆಕ್ಸಸ್ ಶಾಸನಸಭೆ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ, ಜನವರಿಯಿಂದ 140 ದಿನ ಸೇರುತ್ತದೆ. ಆ ಗದ್ದಲದಲ್ಲಿ ಸಾವಿರಾರು ವಿಧೇಯಕಗಳು ಬಂದು ಬೀಳುವುದರಿಂದ ಆಗ ಮೊದಲ ಸಲ ಮುಖ ತೋರಿಸಿದವರ ಮಾತು ಕಿವಿಗೆ ಬೀಳುವುದು ಕಷ್ಟ. ಅಧಿವೇಶನವಿಲ್ಲದ ವರ್ಷದ ಮಳೆಗಾಲವೋ ಬೇಸಿಗೆಯೋ, ಶಾಸಕರು ಊರಿನಲ್ಲಿದ್ದಾಗ ಅವರ ಕ್ಷೇತ್ರದ ಕಚೇರಿಗೆ ಹೋಗುವುದು ಎಷ್ಟೋ ಮೇಲು. ಅಲ್ಲಿ ಬಹುತೇಕ ನಿಮಗೆ ಸಿಗುವವರು ಶಾಸಕರಲ್ಲ, ಇಪ್ಪತ್ತೈದರ ಆಸುಪಾಸಿನ ಒಬ್ಬ ಸಹಾಯಕರು. ನಮ್ಮವರಿಗೆ ಇದು ಅವಮಾನದಂತೆ ತೋರಬಹುದು. ಶಾಸಕರಿಗೆ ಶಿಕ್ಷಣ ವಿಷಯದಲ್ಲಿ ಟಿಪ್ಪಣಿ ಬರೆದು ಕೊಡುವವರು ಅವರೇ ಆದ್ದರಿಂದ ಅದನ್ನು ಅದೃಷ್ಟವೆಂದೇ ತಿಳಿಯಿರಿ. ಹದಿನೈದು ನಿಮಿಷ ಸಿಗುತ್ತದೆ. ಅದರಲ್ಲಿ ಐದು ನಿಮಿಷ ಶಾಲಾ ಮನಶ್ಶಾಸ್ತ್ರಜ್ಞರು ಆಪ್ತಸಮಾಲೋಚಕರಲ್ಲ ಎಂದು ವಿವರಿಸುವುದಕ್ಕೇ ಹೋಗುತ್ತದೆ, ಧಾರವಾಡದ ಮೇಷ್ಟ್ರು ಮೇಲೆ ಕೇಳಿದ ಪ್ರಶ್ನೆಯನ್ನೇ ಅವರೂ ಕೇಳುತ್ತಾರೆ.

ಸಮಿತಿಯ ಮುಂದೆ ಸಾಕ್ಷ್ಯ ಹೇಳುವುದಾದರೆ ಅವಧಿ ಇನ್ನೂ ಕಿರಿದು. ಎರಡು ಮೂರು ನಿಮಿಷ, ಕೆಲವೊಮ್ಮೆ ಒಂದೇ. ಗಡಿಯಾರ ಓಡುತ್ತಿರುತ್ತದೆ. ಇಂಟರ್ನ್‌ಗಳಿಗೆ ಸಂಬಳ ಕೊಡುವ ವಿಧೇಯಕವೊಂದು ಬಂದಿದೆ ಎಂದು ಊಹಿಸಿಕೊಂಡು ಒಂದು ನಿಮಿಷದ ಮಾತನ್ನು ಮಾದರಿಗಾಗಿ ಬರೆದಿದ್ದೇನೆ:

‘ಮಾನ್ಯ ಅಧ್ಯಕ್ಷರೇ, ಸದಸ್ಯರೇ, ನಾನು ಮೂರು ಶಾಲೆಗಳನ್ನು ನೋಡಿಕೊಳ್ಳುವ ಮನಶ್ಶಾಸ್ತ್ರಜ್ಞೆ, ಇಂದು ನನ್ನ ವೈಯಕ್ತಿಕ ನೆಲೆಯಲ್ಲಿ, ಈ ವಿಧೇಯಕದ ಪರವಾಗಿ ಬಂದಿದ್ದೇನೆ. ಪೋಷಕರು ಸಹಿ ಹಾಕಿದ 45 ಶಾಲಾ ದಿನಗಳೊಳಗೆ ನಾನು ಮೌಲ್ಯಮಾಪನ ಮುಗಿಸಬೇಕು, ಮುಗಿಸುತ್ತೇನೆ. ಆದರೆ ಸೋಮವಾರ ಒಂದು ಶಾಲೆಯಲ್ಲಿ ಪರೀಕ್ಷೆ ನಡೆಸುತ್ತಿದ್ದಾಗ ಇನ್ನೊಂದು ಶಾಲೆಯಲ್ಲಿ ಮಗುವೊಂದು ಬದುಕು ಬೇಡವೆಂದರೆ, ಆ ಶಾಲೆಯವರು ನನಗೆ ಫೋನ್ ಮಾಡಿ ಕಾಯಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಹುದ್ದೆ ಖಾಲಿಯಿದೆ, ಅರ್ಜಿ ಹಾಕುವವರಿಲ್ಲ. ಕೊನೆಯ ವರ್ಷವಿಡೀ ಸಂಬಳವಿಲ್ಲದೆ ದುಡಿಯಬೇಕೆಂಬ ಕಾರಣಕ್ಕೆ ಒಳ್ಳೆಯ ವಿದ್ಯಾರ್ಥಿಗಳು ಈ ವ್ಯಾಸಂಗವನ್ನು ಕೈಬಿಡುತ್ತಾರೆ. ಇಂಟರ್ನ್‌ಗಳ ವೇತನದ ಕಲಂ ಅನ್ನು ತೆಗೆಯದೆ ವಿಧೇಯಕವನ್ನು ಶಿಫಾರಸು ಮಾಡಬೇಕೆಂದು ಕೋರುತ್ತೇನೆ.’

ಇದರಲ್ಲಿ ಕೋರಿಕೆ ಒಂದೇ ಇದೆ. ನಮ್ಮ ಕಡೆಯ ಸಂಘಗಳು ಮಂತ್ರಿಗಳಿಗೆ ಹಾರ ಹಾಕಿ, ಹದಿನಾಲ್ಕು ಬೇಡಿಕೆಗಳ ಮನವಿಪತ್ರ ಒಪ್ಪಿಸಿ, ಫೋಟೊ ತೆಗೆಸಿಕೊಂಡು ಬರುವ ರೂಢಿಯನ್ನು ನೀವೂ ಕಂಡಿರಬಹುದು. ಹದಿನಾಲ್ಕು ಕೇಳಿದವರಿಗೆ ‘ಪರಿಶೀಲಿಸುತ್ತೇವೆ’ ಎಂದು ಹೇಳಿ ಕಳುಹಿಸುವುದು ಬಹಳ ಸುಲಭ. ಒಂದನ್ನೇ, ಅದೂ ಇಂಥ ಕಲಂ, ಇಂಥ ಮೊತ್ತ ಎಂದು ಕೇಳಿದವರಿಗೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹೇಳಲೇಬೇಕಾಗುತ್ತದೆ.

ಮಕ್ಕಳ ಗುಟ್ಟು ಕಾಪಾಡುವ ವಿಷಯದಲ್ಲಿ ನಿಮಗೆ ನಾನು ಹೇಳಬೇಕಾಗಿಲ್ಲವಾದರೂ ಒಂದು ಮಾತು. ಶೈಕ್ಷಣಿಕ ದಾಖಲೆಗಳ ಗೌಪ್ಯತೆಗೆ 1974ರ ಒಕ್ಕೂಟ ಕಾಯಿದೆಯಿದೆ. ಹೆಸರು ಹೇಳದಿದ್ದರೆ ಸಾಕೆಂದು ಭಾವಿಸಿ ‘ಎರಡನೇ ತರಗತಿಯ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳು’ ಎಂದರೆ ಸಣ್ಣ ಊರಿನಲ್ಲಿ ಹೆಸರು ಹೇಳಿದಂತೆಯೇ. ಅನುಭವಗಳನ್ನು ಕೂಡಿಸಿ, ವಿವರ ಕಳಚಿ ಹೇಳಿ. ಅಥವಾ ಪೋಷಕರೇ ಬಂದು ತಮ್ಮ ಮಾತನ್ನು ತಾವು ಹೇಳಲಿ. ಸಾಕ್ಷ್ಯದ ಮೇಜಿನ ಮುಂದೆ ನೌಕರರಿಗಿಂತ ಪೋಷಕರ ಮಾತಿಗೆ ತೂಕ ಹೆಚ್ಚು. ನೌಕರರು ಬಂದರೆ ಸಂಬಳಕ್ಕಾಗಿ ಬಂದಿದ್ದಾರೆಂಬ ಗುಮಾನಿ ಸದಸ್ಯರಿಗೆ ಇದ್ದೇ ಇರುತ್ತದೆ.

ಪ್ರಶ್ನೆ: ಸಂಘದವರು ಸಿದ್ಧಪಡಿಸಿದ ಪತ್ರಕ್ಕೆ ಹೆಸರು ಸೇರಿಸಿ ಒಂದು ಗುಂಡಿ ಒತ್ತಿದರೆ ಶಾಸಕರಿಗೆ ಹೋಗುತ್ತದಲ್ಲ, ಅದರಿಂದ ಪ್ರಯೋಜನವಿದೆಯೇ?
— ಓದುಗರು, ನ್ಯೂಜೆರ್ಸಿ

ಉತ್ತರ: ಸ್ವಲ್ಪ ಇದೆ. ಕಚೇರಿಯವರು ಪರ ಎಷ್ಟು, ವಿರೋಧ ಎಷ್ಟು ಎಂದು ಎಣಿಸಿ ಗುರುತು ಹಾಕಿಕೊಳ್ಳುತ್ತಾರೆ, ಓದುವುದಿಲ್ಲ. ಅದೇ ಪತ್ರದ ಮೇಲ್ಭಾಗದಲ್ಲಿ ನಿಮ್ಮ ಊರಿನ ಶಾಲೆಯ ಬಗ್ಗೆ ನಿಮ್ಮದೇ ಎರಡು ವಾಕ್ಯ ಸೇರಿಸಿದರೆ ಓದುವ ಸಾಧ್ಯತೆ ಇದೆ.

ಪ್ರಶ್ನೆ: ಕೇಂದ್ರ ಸರ್ಕಾರವೇ ಶಾಲಾ ಮಾನಸಿಕ ಆರೋಗ್ಯಕ್ಕೆ ನೂರು ಕೋಟಿ ಡಾಲರ್ ಕೊಟ್ಟು ಆಮೇಲೆ ಕಿತ್ತುಕೊಂಡಿತು ಎಂದು ಓದಿದೆ. ಹಾಗಿದ್ದ ಮೇಲೆ ಈ ಭೇಟಿ, ಪತ್ರಗಳೆಲ್ಲ ವ್ಯರ್ಥವಲ್ಲವೇ?
— ಕಾಲೇಜು ವಿದ್ಯಾರ್ಥಿನಿ, ಮಂಗಳೂರು

ಉತ್ತರ: 2022ರ ಮೇ ತಿಂಗಳಿನಲ್ಲಿ ಟೆಕ್ಸಸ್‌ನ ಯುವಾಲ್ಡಿ ಶಾಲೆಯಲ್ಲಿ ನಡೆದ ಹತ್ಯಾಕಾಂಡದ ನಂತರ, ಜೂನ್ 25ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಉಭಯಪಕ್ಷೀಯ ಕಾಯಿದೆಯಲ್ಲಿ ಎರಡು ಅನುದಾನಗಳಿಗೆ ತಲಾ 50 ಕೋಟಿ ಡಾಲರ್ ಇತ್ತು: ಒಂದು, ಶಾಲೆಗಳು ಮಾನಸಿಕ ಆರೋಗ್ಯ ಸಿಬ್ಬಂದಿಯನ್ನು ನೇಮಿಸಿಕೊಳ್ಳುವುದಕ್ಕೆ, ಇನ್ನೊಂದು, ವಿಶ್ವವಿದ್ಯಾಲಯಗಳು ಮತ್ತು ಶಾಲೆಗಳು ಸೇರಿ ಅಂಥವರನ್ನು ತರಬೇತುಗೊಳಿಸುವುದಕ್ಕೆ. ಶಾಲಾ ಮನಶ್ಶಾಸ್ತ್ರಜ್ಞರ ರಾಷ್ಟ್ರೀಯ ಸಂಘದ ಸದಸ್ಯರು ವರ್ಷಗಳಿಂದ ಈ ಎರಡು ಸಾಲುಗಳಿಗಾಗಿಯೇ ಸಂಸದರ ಕಚೇರಿಗಳಿಗೆ ಅಲೆದಿದ್ದರು. 2025ರ ಏಪ್ರಿಲ್‌ನಲ್ಲಿ ಹೊಸ ಆಡಳಿತವು ನಡುವೆಯೇ ಈ ಅನುದಾನಗಳನ್ನು ಮುಂದುವರಿಸುವುದಿಲ್ಲವೆಂದು ಶಾಲೆಗಳಿಗೆ ತಿಳಿಸಿತು. ವಾಷಿಂಗ್ಟನ್ ಸೇರಿದಂತೆ 16 ರಾಜ್ಯಗಳು ಆ ಬೇಸಿಗೆಯಲ್ಲಿ ಸಿಯಾಟಲ್‌ನ ಒಕ್ಕೂಟ ನ್ಯಾಯಾಲಯಕ್ಕೆ ಹೋದವು. ಅಕ್ಟೋಬರ್‌ನಲ್ಲಿ ನ್ಯಾಯಾಲಯ ಸರ್ಕಾರದ ಕ್ರಮಕ್ಕೆ ತಾತ್ಕಾಲಿಕ ತಡೆ ನೀಡಿತು.

ವ್ಯರ್ಥವೆಂದು ನಾನು ಹೇಳಲಾರೆ, ಆದರೆ ನಿಮ್ಮ ಸಂಶಯದಲ್ಲಿ ಹುರುಳಿದೆ. ಅವಧಿ ಗೊತ್ತುಪಡಿಸಿದ ಅನುದಾನದಿಂದ ನೇಮಕವಾದ ಹುದ್ದೆ ಅನುದಾನದೊಡನೆಯೇ ಹೋಗುತ್ತದೆ. ವಾಷಿಂಗ್ಟನ್ ರಾಜ್ಯದ ಕೋಷ್ಟಕದಲ್ಲಿನ 0.104 ಎಂಬ ಅಂಕಿಯನ್ನು ತೆಗೆಯಬೇಕಾದರೆ ಮತ್ತೊಂದು ಕಾನೂನೇ ಬೇಕು. ಕಣ್ಣಿಗೆ ಕಾಣುವ ಕೋಟಿಗಳಿಗಿಂತ ರಾಜ್ಯದ ಕೋಷ್ಟಕದ ದಶಮಾಂಶಕ್ಕೆ ನಾನು ಹೆಚ್ಚು ಬೆಲೆ ಕೊಡುವುದು ಈ ಕಾರಣಕ್ಕೆ. ಮತ್ತೆ, ಹಣವಿದ್ದರೂ ಜನ ಸಿಗದಿರುವುದು ದೊಡ್ಡ ತೊಡಕು. ಒಂದು ರಾಜ್ಯದ ಪರವಾನಗಿ ಇನ್ನೊಂದರಲ್ಲಿ ನಡೆಯದು. ಗಂಡನ ಅಥವಾ ಹೆಂಡತಿಯ ವರ್ಗಾವಣೆಯಿಂದ ಊರು ಬಿಟ್ಟವರು ಮತ್ತೆ ಅರ್ಜಿ, ಪರೀಕ್ಷೆ ಎಂದು ಕಾಯುತ್ತಾರೆ. ಇದಕ್ಕಾಗಿ ಅಂತರರಾಜ್ಯ ಒಡಂಬಡಿಕೆಯ ಮಾದರಿ ವಿಧೇಯಕವೊಂದನ್ನು ಸಂಘವು ರಾಜ್ಯಗಳ ಮುಂದಿಟ್ಟಿದೆ. ಏಳು ರಾಜ್ಯಗಳು ಅಂಗೀಕರಿಸಿದರೆ ಅದು ಜೀವ ತಳೆಯುತ್ತದೆ ಎಂಬುದು ಅದರ ಷರತ್ತು. ಖರ್ಚು ಕಡಿಮೆಯಿರುವ ಇಂಥ ಕೋರಿಕೆಗಳು ಎರಡೂ ಪಕ್ಷದವರಿಗೆ ಹಿಡಿಸುತ್ತವೆ.

ಪ್ರಶ್ನೆ: ಸುಪ್ರೀಂ ಕೋರ್ಟ್ ಪ್ರತಿ ಶಾಲೆಯಲ್ಲೂ ಆಪ್ತಸಮಾಲೋಚಕರಿರಬೇಕೆಂದು ಹೇಳಿದೆಯಂತೆ. ನಮ್ಮ ತಾಲ್ಲೂಕಿನ ಯಾವ ಸರ್ಕಾರಿ ಶಾಲೆಯಲ್ಲೂ ಅಂಥವರನ್ನು ಕಂಡಿಲ್ಲ. ಇಲ್ಲಿ ನಾವು ಯಾರನ್ನು, ಹೇಗೆ ಕೇಳಬೇಕು?
— ಎಸ್‌ಡಿಎಂಸಿ ಸದಸ್ಯರು, ಮೈಸೂರು ಜಿಲ್ಲೆ

ಉತ್ತರ: 2025ರ ಜುಲೈ 25ರಂದು ಸುಕ್ದೇಬ್ ಸಾಹಾ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ನೀಡಿದ ಮಾರ್ಗಸೂಚಿಗಳು ನಿಮ್ಮ ಮನಸ್ಸಿನಲ್ಲಿರುವಂಥವು. ಅವುಗಳ ಪ್ರಕಾರ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರನ್ನು ಹೊಂದಿರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ವಿಧ್ಯುಕ್ತ ಸಂಪರ್ಕವಿಟ್ಟುಕೊಳ್ಳಬೇಕು. ಶಾಸನ ಬರುವವರೆಗೆ ಇವೇ ಕಾನೂನಿನಂತೆ ನಡೆಯಬೇಕು. ನೂರು ಮಕ್ಕಳಿಲ್ಲದ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಈ ಎರಡನೆಯ ಭಾಗವೇ ಮುಖ್ಯ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ನಿಮ್ಮ ಕ್ಲಸ್ಟರ್‌ಗೆ ಗೊತ್ತಾದ ದಿನಗಳಲ್ಲಿ ಬರುವಂತೆ ಕೇಳುವುದು ನಾಳೆಯೇ ಆಗಬಹುದಾದ ಕೆಲಸ (1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ದೇಶದ ಈ ಕಾರ್ಯಕ್ರಮಕ್ಕೆ ಮಾದರಿ ಎಂಬುದು ನಮ್ಮವರಿಗೇ ಮರೆತುಹೋಗಿದೆ). ತುರ್ತಿಗೆ ಟೆಲಿ-ಮಾನಸ್ ಸಹಾಯವಾಣಿ 14416 ಎಂಬುದನ್ನು ಶಾಲೆಯ ಗೋಡೆಯ ಮೇಲೆ ಬರೆಸಿ.

ಯಾರನ್ನು ಕೇಳಬೇಕು ಎಂಬುದಕ್ಕೆ ಅಮೆರಿಕದವರಿಗಿಲ್ಲದ ಒಂದು ಅನುಕೂಲ ನಮಗಿದೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳು, 7 ಪದವೀಧರರ ಕ್ಷೇತ್ರಗಳು. ಶಿಕ್ಷಕರ ಕ್ಷೇತ್ರದಲ್ಲಿ ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಹಂತದ ಶಿಕ್ಷಕರಿಗೆ ಮಾತ್ರ ಮತವಿರುವುದರಿಂದ ವೇತನ, ಪಿಂಚಣಿ, ವರ್ಗಾವಣೆಗಳ ಮಾತು ಅಲ್ಲಿ ಕೇಳಿಬರುವಷ್ಟು ಪ್ರಾಥಮಿಕ ಶಾಲೆಯ ಮಕ್ಕಳ ಮಾತು ಕೇಳಿಬರುವುದಿಲ್ಲ. ಆದರೆ ಪದವಿ ಮುಗಿಸಿ ಮೂರು ವರ್ಷ ಕಳೆದ ಯಾರೂ ಪದವೀಧರ ಕ್ಷೇತ್ರದ ಮತದಾರರಾಗಬಹುದು. ನಿಮ್ಮ ಸಮಿತಿಯಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಅಂಥವರು ಎಷ್ಟಿದ್ದಾರೆಂದು ನೋಡಿ, ಅವರ ಹೆಸರಿನಿಂದಲೇ ಸದಸ್ಯರಿಗೆ ಪತ್ರ ಹೋಗಲಿ. ನಿಮ್ಮ ವಿಧಾನಸಭಾ ಸದಸ್ಯರಿಗೂ ಒಂದು ಪ್ರತಿ ಕೊಡಿ.

ಹುದ್ದೆ ಕೊಡಿ ಎಂದು ಕೇಳುವ ಮೊದಲು ಸರ್ಕಾರದ ಬಾಯಿಂದ ಅಂಕಿ ಹೊರಡಿಸಬೇಕು. ಅದಕ್ಕೆ ಇರುವ ಸಲಕರಣೆ ಚುಕ್ಕೆ ಗುರುತಿನ ಪ್ರಶ್ನೆ. ಅದಕ್ಕೆ ಮಂತ್ರಿಗಳು ಸದನದಲ್ಲಿ ಮೌಖಿಕವಾಗಿ ಉತ್ತರಿಸಬೇಕು, ಸದಸ್ಯರು ಅಲ್ಲೇ ಉಪಪ್ರಶ್ನೆ ಕೇಳಬಹುದು. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಪ್ರಶ್ನೆಯ ಕರಡನ್ನು ನೀವೇ ಬರೆದು ಸದಸ್ಯರ ಆಪ್ತ ಸಹಾಯಕರ ಕೈಗೆ ಕೊಟ್ಟರೆ ಅವರಿಗೂ ಅರ್ಧ ಕೆಲಸ ಕಡಿಮೆಯಾಗುತ್ತದೆ. ಕರಡು ಹೀಗಿರಬಹುದು: ‘ಮಾನ್ಯ ಶಾಲಾ ಶಿಕ್ಷಣ ಸಚಿವರು ದಯಮಾಡಿ ತಿಳಿಸುವರೇ: (ಅ) ಮೈಸೂರು ಜಿಲ್ಲೆಯಲ್ಲಿ 100 ಅಥವಾ ಹೆಚ್ಚು ಮಕ್ಕಳಿರುವ ಸರ್ಕಾರಿ ಶಾಲೆಗಳು ತಾಲ್ಲೂಕುವಾರು ಎಷ್ಟು? (ಆ) ಅವುಗಳಲ್ಲಿ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರ ಹುದ್ದೆ ಮಂಜೂರಾಗಿರುವುದು ಎಷ್ಟರಲ್ಲಿ, ಭರ್ತಿಯಾಗಿರುವುದು ಎಷ್ಟರಲ್ಲಿ? (ಇ) ಪ್ರಸಕ್ತ ಸಾಲಿನ ಆಯವ್ಯಯದಲ್ಲಿ ಇದಕ್ಕೆ ಒದಗಿಸಿರುವ ಮೊತ್ತವೆಷ್ಟು ಮತ್ತು ಯಾವ ಲೆಕ್ಕಶೀರ್ಷಿಕೆಯಲ್ಲಿ?’ ಮೂರನೆಯದನ್ನು ಯಾವ ಕಾರಣಕ್ಕೂ ಬಿಡಬೇಡಿ.